ಅಜ್ಜಿಯ ಬೆಂಡೋಲೆ ಕರಗಿಸಬೇಕಾ?

ಉದ್ಯಾವರದಾಕೆ:
ಮೇ ತಿಂಗಳಲ್ಲಿ ಮಗಳ ಮದುವೆ. ಮಂಗಳೂರಿನ ಒಂದು ಚಿನ್ನದಂಗಡಿಯಲ್ಲಿ ನನ್ನ ಅಜ್ಜಿಯ ಏಳು ಕಲ್ಲಿನ ಬೆಂಡೋಲೆ ತೋರಿಸಿದೆ. "ಹಾಲ್‌ಮಾರ್ಕ್ ಇಲ್ಲ, ಕರಗಿಸಿ ಹೊಸ ಡಿಸೈನ್ ಮಾಡಿಸಿ" ಅಂದರು. ಮಗಳಿಗೂ ಹಾಕಲು ಆಗುತ್ತಿಲ್ಲ. ಬೆಂಡೋಲೆಯ ಹಿಂದೆ ತೂತಿಗೆ ಹೋಗುವ ಕಾಲು ದಪ್ಪ, ಅವಳ ಕಿವಿಯ ತೂತು ಸಣ್ಣದು.

ಆದರೆ ಇದು ಅಜ್ಜಿ ಬೀಡಿ ಕಟ್ಟಿ, ದಿನಾ ಒಂದಿಷ್ಟು ಪಿಗ್ಮಿಗೆ ಹಾಕಿ ಮಾಡಿಸಿದ್ದು. ಜೂನ್ ಬಂತು ಅಂದರೆ ನಮ್ಮ ಶಾಲೆ ಫೀಸಿಗೆ ಬೆಂಡೋಲೆ ಅಡವು ಇಡುತ್ತಿದ್ದರು. ಆಗ ಕಿವಿಯ ತೂತು ಮುಚ್ಚಬಾರದು ಅಂತ ಅಜ್ಜಿ ಹಿಡಿಸೂಡಿ ಕಡ್ಡಿ ಮುರಿದು ಸಿಕ್ಕಿಸಿಕೊಳ್ಳುತ್ತಿದ್ದರು. ಚೌತಿಗೆ ಮೊದಲು ಹೇಗಾದರೂ ಬಿಡಿಸಿ ತರುತ್ತಿದ್ದರು. ನಾನು ಓದಿದ್ದೇ ಇದರಿಂದ. ಕರಗಿಸಲು ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಸುರತ್ಕಲ್‌ನಿಂದ:
ಕರಗಿಸಿ ಅಕ್ಕ. ಸುಮ್ನೆ ಲಾಕರ್‌ನಲ್ಲಿ ಇಟ್ಟು ಏನು ಮಾಡುವುದು? ನಾನು ಅಮ್ಮನ ಬಳೆ ಕೊಟ್ಟು ಸರ ಮಾಡಿಸಿದೆ. ದಿನಾ ಕುತ್ತಿಗೆಯಲ್ಲೇ ಇರುತ್ತದೆ. ಅಮ್ಮನದೇ ಚಿನ್ನ ಅಲ್ವಾ.

ಚಿನ್ನದ ಕೆಲಸದವ, ಉಡುಪಿ:
ಅವಸರ ಬೇಡ ಅಕ್ಕ. ಹಾಲ್‌ಮಾರ್ಕ್ ಇಲ್ಲ ಅಂತ ಹೆದರಬೇಡಿ. 2023ರ ಏಪ್ರಿಲ್ 1ರಿಂದ ಬಂದ ಎಚ್‌ಯುಐಡಿ (ಪ್ರತಿ ಒಡವೆಗೂ ಹಾಲ್‌ಮಾರ್ಕ್ ಜೊತೆ ಬೇರೆ ಬೇರೆ ಗುರುತಿನ ಸಂಖ್ಯೆ) ನಿಯಮ ಅಂಗಡಿಯವರು ಮಾರುವ ಒಡವೆಗೆ, ಮನೆಯಲ್ಲಿರುವ ಹಳೆಯದಕ್ಕೆ ಅಲ್ಲ.

ಅಂಗಡಿಗೆ ಕೊಟ್ಟರೆ ಕಲ್ಲಿನ ತೂಕ, ಬೆಸುಗೆ ಎಲ್ಲ ಕಳೆಯುತ್ತಾರೆ. ಹೊಸದಕ್ಕೆ ಮಜೂರಿ, ಮೇಲೆ ಶೇ. 3 ಜಿಎಸ್‌ಟಿ. ಇನ್ನೊಂದು, ಹಳೆಯದು ಕೊಟ್ಟು ಹೊಸದು ತಂದರೆ ಸಾಮಾನ್ಯವಾಗಿ ನಿಮ್ಮ ಚಿನ್ನ ನಿಮಗೆ ವಾಪಸ್ ಬರುವುದಿಲ್ಲ.

ಬೆಂಡೋಲೆಯ ಮುಖ ಮುಟ್ಟುವುದೇ ಬೇಡ. ಹಿಂದಿನ ಕಾಲು ಮಾತ್ರ ತೆಗೆದು, ಸಪೂರದ್ದು ಬೆಸೆದು, ಹೊಸ ತಿರುಪು ಹಾಕಿದರೆ ಆಯಿತು. ಶಾಖಕ್ಕೆ ಕಲ್ಲು ಕೆಡಬಹುದು. ಹಾಗಾಗಿ ಕಲ್ಲು ಬಿಚ್ಚಿ, ಆಮೇಲೆ ಅದೇ ಕಲ್ಲು ಕೂರಿಸಿ ಕೊಡುವವರ ಹತ್ತಿರ ಹೋಗಿ. ಕೊಡುವ ಮೊದಲು ಹಿಂದೆ ಮುಂದೆ ಫೋಟೊ ತೆಗೆಯಿರಿ, ತೂಕ ಬರೆಸಿಕೊಳ್ಳಿ. ತೆಗೆದ ಕಾಲನ್ನೂ ಕೇಳಿ ಪಡೆಯಿರಿ.

ಪಾಲಿಶ್ ಮಾತ್ರ ಬೇಡವೇ ಬೇಡ. ಅಜ್ಜಿಯ ಬೆರಳು ತಾಗಿ ತಾಗಿ ಸವೆದ ಅಂಚು ಒಂದೇ ಉಜ್ಜಿಗೆ ಹೋಗಿಬಿಡುತ್ತದೆ. ಇಂಥ ಹಳೆಯ ಒಡವೆ ಕೈಗೆ ಬಂದರೆ ನಾನು ಮೊದಲು ನೋಡುವುದೇ ಆ ಅಂಚನ್ನು.

ಉದ್ಯಾವರದಾಕೆ:
ತುಂಬ ಉಪಕಾರ ಆಯಿತು. ಕಾಲು ಮಾತ್ರ ಬದಲಿಸುತ್ತೇನೆ. ಸುರತ್ಕಲ್‌ನವರೇ, ಲಾಕರ್ ಬಗ್ಗೆ ನೀವು ಹೇಳಿದ್ದು ಸರಿ. ಮಗಳು ಧಾರೆಗೇ ಹಾಕುತ್ತೇನೆ ಅನ್ನುತ್ತಿದ್ದಾಳೆ. ಒಂದು ಕಲ್ಲು ಮಂಕಾಗಿದೆ, ಬೇರೆ ಹಾಕಿಸಬೇಕಾ?

ಚಿನ್ನದ ಕೆಲಸದವ, ಉಡುಪಿ:
ಈಗಲೇ ಬೇಡ. ಎಷ್ಟೋ ಸಲ ಹಿಂದೆ ಎಣ್ಣೆ, ಕೊಳೆ ಕೂತು ಹಾಗೆ ಕಾಣುತ್ತದೆ. ಬಿಚ್ಚಿದ ಮೇಲೆ ಒರೆಸಿ ನೋಡಲು ಹೇಳಿ.