ಮ್ಯಾನ್ಯುಯಲ್‌ನಲ್ಲಿ ಒಂದು ಬ್ರ್ಯಾಂಡ್, ಮೆಕ್ಯಾನಿಕ್ ಹಾಕಿದ್ದು ಇನ್ನೊಂದು: ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಕಟಕಟ ಸೌಂಡ್

ಟರ್ಬೊ_ಪೆಟ್ರೋಲ್:

ಎಲ್ರಿಗೂ ನಮಸ್ಕಾರ. ನಂದು ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಕಾರು, ವಾರಂಟಿ ಇನ್ನೂ ಇದೆ. ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯೂ-20 (ಆಯಿಲ್ ಎಷ್ಟು ದಪ್ಪ ಅನ್ನೋ ಗ್ರೇಡು) ಹಾಕಿ ಅಂತಿದೆ, ಅದರ ಕೆಳಗೇ "ನಾವು ಈ ಬ್ರ್ಯಾಂಡ್ ಶಿಫಾರಸು ಮಾಡ್ತೀವಿ" ಅಂತ ಒಂದು ಆಯಿಲ್ ಕಂಪನಿ ಹೆಸರು, ಆಯಿಲ್ ಕ್ಯಾಪ್ ಮೇಲೂ ಅದೇ ಲೋಗೋ. ಈ ಸಲ ಹೊರಗಡೆ ಗ್ಯಾರೇಜಲ್ಲಿ ಆಯಿಲ್ ಚೇಂಜ್ ಮಾಡಿಸ್ದೆ, ಅವರು ಬೇರೆ ಬ್ರ್ಯಾಂಡ್ ಹಾಕಿದ್ರು, ಅದೂ ದೊಡ್ಡ ಹೆಸರಿನ ಕಂಪನಿದೇ. ಅವತ್ತಿಂದ ಬೆಳಗ್ಗೆ ಮೊದಲನೇ ಸ್ಟಾರ್ಟ್‌ಗೆ ಎರಡು ಮೂರು ಸೆಕೆಂಡ್ ಕಟಕಟ ಅಂತ ಸೌಂಡ್ ಬರತ್ತೆ, ಆಮೇಲೆ ನಿಂತು ಹೋಗತ್ತೆ, ದಿನವಿಡೀ ಓಡಿಸಿದ್ರೂ ಮತ್ತೆ ಬರಲ್ಲ. ಮೈಲೇಜೂ ಸ್ವಲ್ಪ ಕಮ್ಮಿ ಆಗಿರೋ ಹಾಗಿದೆ. ಬ್ರ್ಯಾಂಡ್ ಚೇಂಜ್ ಮಾಡಿದ್ದಕ್ಕೇ ಹೀಗಾಯ್ತಾ? ಸರ್ವಿಸ್ ಸೆಂಟರ್‌ನಲ್ಲಿ ಕೇಳಿದ್ರೆ "ಕಂಪನಿ ಹೇಳಿದ ಬ್ರ್ಯಾಂಡ್ ಬಿಟ್ಟು ಬೇರೆ ಹಾಕಿದ್ರೆ ವಾರಂಟಿ ಹೋಗತ್ತೆ" ಅಂತಾರೆ. ತಿಳಿದವರು ದಯವಿಟ್ಟು ಹೇಳಿ.

ಸ್ಪ್ಯಾನರ್_ಸೆಟ್:

ಸರ್, ಮೊದಲು ಡಿಪ್‌ಸ್ಟಿಕ್ ನೋಡಿ. ಗಾಡಿ ಮಟ್ಟಸವಾದ ಜಾಗದಲ್ಲಿ ನಿಲ್ಸಿ, ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ ಮತ್ತೆ ಹಾಕಿ ತೆಗೀರಿ. ಲೆವೆಲ್ ಎರಡು ಗುರುತಿನ ಮಧ್ಯೆ ಇರ್ಬೇಕು. ಕಮ್ಮಿ ಇದ್ರೆ ಎಷ್ಟು ಅಪಾಯಾನೋ ಮೇಲಿನ ಗುರುತು ದಾಟಿ ಜಾಸ್ತಿ ಇದ್ರೂ ಅಪಾಯಾನೇ, ಕ್ರ್ಯಾಂಕ್‌ಶಾಫ್ಟ್ ಹೋಗಿ ಆಯಿಲ್‌ಗೆ ಬಡಿದು ನೊರೆ ಎಬ್ಬಿಸತ್ತೆ. ಅದು ಸರಿ ಇದ್ರೆ ಮುಂದಿನ ಮಾತು. ಆಮೇಲೆ ಡಬ್ಬಿ ಗ್ಯಾರೇಜಲ್ಲಿ ಇನ್ನೂ ಇದ್ರೆ ಅದರ ಹಿಂದಗಡೆ ಲೇಬಲ್‌ನಲ್ಲಿ ಏನೇನು ಬರೆದಿದೆ ಅಂತ ಪೂರ್ತಿ ಇಲ್ಲಿ ಟೈಪ್ ಮಾಡಿ. ಮುಂದಗಡೆ ದೊಡ್ಡ ಅಕ್ಷರದಲ್ಲಿ ಇರೋದು ಬೇಡ. ಯಾವ ಆಯಿಲ್ ಫಿಲ್ಟರ್ ಹಾಕಿದ್ರು ಅಂತಾನೂ ಕೇಳಿ.

ಕಂಪನಿ_ಸರ್ವಿಸ್:

ಸುಮ್ನೆ ಯಾಕೆ ಗುರು ತಲೆನೋವು, ಕಾರ್ ಮಾಡ್ದೋನಿಗಿಂತ ನಮಗೆ ಜಾಸ್ತಿ ಗೊತ್ತಾ? ಅವರು ಹೇಳಿದ ಬ್ರ್ಯಾಂಡೇ ಹಾಕ್ಸಿ, ನೆಮ್ಮದಿಯಾಗಿರಿ. ಲಕ್ಷಗಟ್ಲೆ ಇಂಜಿನ್‌ಗೆ ಆಯಿಲ್‌ನಲ್ಲಿ ಉಳಿತಾಯ ಮಾಡೋದು ಬೇಡ.

ಟರ್ಬೊ_ಪೆಟ್ರೋಲ್:

ಡಿಪ್‌ಸ್ಟಿಕ್ ಸರಿ ಇದೆ ಸರ್, ಮೇಲಿನ ಗುರುತಿಗಿಂತ ಒಂಚೂರು ಕೆಳಗಿದೆ. ಡಬ್ಬಿ ಸಿಕ್ತು. ಹಿಂದೆ ಹೀಗಿದೆ: 5ಡಬ್ಲ್ಯೂ-30, ಎಪಿಐ ಎಸ್‌ಎನ್, ಎಸಿಇಎ ಎ3/ಬಿ4, ಅದಾದ್ಮೇಲೆ ಒಂದಷ್ಟು ಜರ್ಮನ್ ಕಾರುಗಳ ನಂಬರು. ನನ್ನ ಮ್ಯಾನ್ಯುಯಲ್‌ನಲ್ಲಿ ಮತ್ತೆ ಸರಿಯಾಗಿ ನೋಡ್ದೆ, "0ಡಬ್ಲ್ಯೂ-20, ಎಪಿಐ ಎಸ್‌ಪಿ, ಇಲ್ಸಾಕ್ ಜಿಎಫ್-6ಎ" ಅಂತಿದೆ. ಫಿಲ್ಟರ್ ಒರಿಜಿನಲ್ ಅಲ್ಲ, "ಇದಕ್ಕೆ ಕೂರತ್ತೆ" ಅಂತ ಯಾವುದೋ ಒಂದು ಹಾಕಿದ್ರಂತೆ, ಬಾಕ್ಸ್ ಇಲ್ಲ.

ಸ್ಪ್ಯಾನರ್_ಸೆಟ್:

ಇಷ್ಟು ಬರೆದ್ರಲ್ಲ, ಅರ್ಧ ಕೆಲಸ ಆಯ್ತು. ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಇದೆ, ಎರಡಕ್ಕೂ ಬ್ರ್ಯಾಂಡ್ ಕಾರಣ ಅಲ್ಲ.

ಸೌಂಡ್ ವಿಷಯ: ಮೊದಲನೇ ಸ್ಟಾರ್ಟ್‌ಗೆ ಮಾತ್ರ ಎರಡು ಮೂರು ಸೆಕೆಂಡ್ ಬಂದು ನಿಲ್ಲತ್ತೆ ಅಂದ್ರೆ ಆಯಿಲ್ ಪ್ರೆಷರ್ ಮೇಲಕ್ಕೆ ಬರೋಕೆ ತಡ ಆಗ್ತಿದೆ ಅಂತ ಲೆಕ್ಕ. ನನಗೆ ಅನುಮಾನ ಫಿಲ್ಟರ್ ಮೇಲೆ. ಅಡ್ಡ ಅಥವಾ ತಲೆಕೆಳಗಾಗಿ ಕೂರೋ ಸ್ಪಿನ್-ಆನ್ (ತಿರುಗಿಸಿ ಬಿಗಿಯೋ) ಫಿಲ್ಟರ್ ಒಳಗೆ ಒಂದು ರಬ್ಬರ್ ವಾಲ್ವ್ ಇರತ್ತೆ, ಆಂಟಿ-ಡ್ರೈನ್‌ಬ್ಯಾಕ್ ವಾಲ್ವ್ ಅಂತಾರೆ, ಇಂಜಿನ್ ಆಫ್ ಆದ್ಮೇಲೆ ಫಿಲ್ಟರ್ ಒಳಗಿನ ಆಯಿಲ್ ಇಳಿದು ಇಂಜಿನ್ ತಳದ ಸಂಪ್‌ಗೆ ಹೋಗದ ಹಾಗೆ ತಡೆಯೋದು ಅದೇ. ಸುಮಾರಾದ ಫಿಲ್ಟರಲ್ಲಿ ಆ ರಬ್ಬರ್ ಸರಿಯಾಗಿ ಸೀಲ್ ಆಗಲ್ಲ, ಕೆಲವು ಬಿಸಿಗೆ ಗಟ್ಟಿ ಆಗಿಬಿಡತ್ತೆ, ಸಿಲಿಕೋನ್ ವಾಲ್ವ್ ಇರೋದಾದ್ರೆ ಜಾಸ್ತಿ ದಿನ ಮೆತ್ತಗಿರತ್ತೆ. ಸೀಲ್ ಆಗ್ದೆ ಇದ್ರೆ ರಾತ್ರಿಯೆಲ್ಲ ನಿಂತ ಗಾಡೀಲಿ ಫಿಲ್ಟರ್ ಖಾಲಿ, ಬೆಳಗ್ಗೆ ಪಂಪ್ ಮೊದಲು ಅದನ್ನ ತುಂಬ್ಸಿ ಆಮೇಲೆ ಮೇಲಕ್ಕೆ ಆಯಿಲ್ ಕಳಿಸ್ಬೇಕು, ಅಷ್ಟರಲ್ಲಿ ಟ್ಯಾಪೆಟ್ಟೋ ಚೈನ್ ಟೆನ್ಶನರ್ರೋ ಸೌಂಡ್ ಮಾಡತ್ತೆ. ಒರಿಜಿನಲ್ ಫಿಲ್ಟರ್ ಹಾಕ್ಸಿ ನೋಡಿ.

ಆಯಿಲ್ ವಿಷಯ ಇದಕ್ಕಿಂತ ಮುಖ್ಯ, ದಯವಿಟ್ಟು ಪೂರ್ತಿ ಓದಿ. ನಿಮಗೆ ಹಾಕಿರೋದು ಕೆಟ್ಟ ಆಯಿಲ್ ಅಲ್ಲ, ಅದು ಬೇರೆ ಇಂಜಿನ್‌ಗೆ ಒಳ್ಳೇ ಆಯಿಲ್. ನಿಮ್ಮ ಇಂಜಿನ್ ಕೇಳೋದೇ ಬೇರೆ. ಎಪಿಐ, ಇಲ್ಸಾಕ್, ಎಸಿಇಎ ಅನ್ನೋದು ಆಯಿಲ್ ಗುಣಮಟ್ಟ ಗೊತ್ತುಮಾಡೋ ಸಂಸ್ಥೆಗಳು, ಮುಂದಿರೋ ಅಕ್ಷರ-ನಂಬರು ಅವರ ದರ್ಜೆ. ಎಪಿಐ ಎಸ್‌ಎನ್ ಬಂದಿದ್ದು 2010ರಲ್ಲಿ. ಆಮೇಲೆ ಚಿಕ್ಕ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳು ಜಾಸ್ತಿ ಆದ್ವು, ಅವುಗಳಲ್ಲಿ ಎಲ್‌ಎಸ್‌ಪಿಐ ಅಂತ ಒಂದು ಕಾಟ: ಕಮ್ಮಿ ಆರ್‌ಪಿಎಮ್‌ನಲ್ಲಿ ಟಾಪ್ ಗೇರಲ್ಲಿದ್ದು ಆಕ್ಸಲರೇಟರ್ ಒತ್ತಿದಾಗ ಸ್ಪಾರ್ಕ್ ಬರೋಕೆ ಮುಂಚೇನೇ ಸಿಲಿಂಡರ್ ಒಳಗೆ ಬೆಂಕಿ ಹತ್ತಿಕೊಳ್ಳತ್ತೆ, ಆ ಪ್ರೆಷರ್‌ಗೆ ಪಿಸ್ಟನ್ ಒಡೆದು ಹೋಗಿರೋದೂ ಉಂಟು. ಆಯಿಲ್‌ನಲ್ಲಿರೋ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ರೆ ಇದು ಹೆಚ್ಚಾಗತ್ತೆ ಅಂತ ಗೊತ್ತಾದ್ಮೇಲೆ ಕ್ಯಾಲ್ಸಿಯಂ ಒಂದಷ್ಟು ತೆಗೆದು ಆ ಜಾಗಕ್ಕೆ ಮೆಗ್ನೀಸಿಯಂ ಹಾಕೋಕೆ ಶುರು ಮಾಡಿದ್ರು. 2018ರಲ್ಲಿ ಎಸ್‌ಎನ್ ಪ್ಲಸ್ ಬಂತು, 2020ರ ಮೇನಲ್ಲಿ ಎಸ್‌ಪಿ ಬಂತು, ಎಸ್‌ಪಿಯಲ್ಲಿ ಟೈಮಿಂಗ್ ಚೈನ್ ಸವೆತದ ಟೆಸ್ಟೂ ಸೇರಿಸಿದ್ರು. ನಿಮ್ಮ ಡಬ್ಬೀಲಿ ಬರೀ ಎಸ್‌ಎನ್. ಇಷ್ಟೇ ಸಾಕು ನನಗೆ, ಆ ಆಯಿಲ್ ನಿಮ್ಮ ಗಾಡೀಲಿ ಮುಂದಿನ ಸರ್ವಿಸ್ ತನಕ ಬಿಡಬೇಡಿ ಅನ್ನೋಕೆ.

ಮೈಲೇಜ್ ಕಮ್ಮಿ ಆಗಿದ್ದೂ ಆಯಿಲ್‌ನಿಂದಾನೇ ಇರಬಹುದು. ಎ3/ಬಿ4 ಅಂತ ಬರ್ದಿದ್ರೆ ಆ ಆಯಿಲ್ 150 ಡಿಗ್ರಿ ಬಿಸಿಯಲ್ಲಿ, ಬೇರಿಂಗ್ ಒಳಗೆ ಉಜ್ಜಾಟದಲ್ಲಿದ್ದಾಗಲೂ ಕನಿಷ್ಠ 3.5 ಮಿಲಿಪಾಸ್ಕಲ್-ಸೆಕೆಂಡ್ ದಪ್ಪ ಉಳಿಸ್ಕೋಬೇಕು, ಇದಕ್ಕೆ ಎಚ್‌ಟಿಎಚ್‌ಎಸ್ ಅಂತಾರೆ. 0ಡಬ್ಲ್ಯೂ-20ಗೆ ಕನಿಷ್ಠ 2.6 ಇದ್ರೆ ಸಾಕು. ದಪ್ಪ ಆಯಿಲ್ ತಿರುಗ್ಸೋಕೆ ಇಂಜಿನ್ ಜಾಸ್ತಿ ಶ್ರಮ ಪಡ್ಬೇಕು, ಪೆಟ್ರೋಲ್ ಜಾಸ್ತಿ ಹೋಗತ್ತೆ. ಇನ್ನೊಂದು, 5ಡಬ್ಲ್ಯೂ-30 ಅಂತ ಇರೋದೆಲ್ಲ ಒಂದೇ ಅಂದ್ಕೋಬೇಡಿ, ಜಿಎಫ್-6ಎ ಇರೋ 5ಡಬ್ಲ್ಯೂ-30 ಸಾಮಾನ್ಯವಾಗಿ 2.9ರಿಂದ ಸ್ವಲ್ಪ ಮೇಲೆ ಇರತ್ತೆ, ಎ3/ಬಿ4 ಇರೋ 5ಡಬ್ಲ್ಯೂ-30 3.5ರ ಮೇಲೆ. ಡಬ್ಬಿ ಮುಂದೆ ನೋಡಿದ್ರೆ ಎರಡೂ ಒಂದೇ ಥರ ಕಾಣತ್ತೆ, ಅದಕ್ಕೇ ಹಿಂದೆ ನೋಡಿ ಅಂದಿದ್ದು.

ಕಂಪನಿ_ಸರ್ವಿಸ್:

ನಾನು ಹೇಳಿದ್ದೂ ಅದೇ ಅಲ್ವಾ, ಕಂಪನಿ ಬ್ರ್ಯಾಂಡ್ ಹಾಕ್ಸಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ.

ಲೇಬಲ್_ಓದುಗ:

ಅಣ್ಣ, ನಿಮ್ಮ ಮಾತು ಅರ್ಧ ಒಪ್ತೀನಿ. ಲೇಬಲ್ ಓದೋಕೆ ಪುರುಸೊತ್ತಿಲ್ದೋರಿಗೆ ಅದೇ ಸುಲಭದ ದಾರಿ. ಆದ್ರೆ ಅಲ್ಲೂ ಗುಂಡಿ ಇದೆ: ಶಿಫಾರಸು ಮಾಡಿರೋ ಅದೇ ಬ್ರ್ಯಾಂಡ್‌ನಲ್ಲಿ ಹತ್ತಾರು ಥರ ಆಯಿಲ್ ಇರತ್ತೆ. ಆ ಬ್ರ್ಯಾಂಡೇ ಕೊಡಿ ಅಂತ ಕೇಳಿ ಅದರದ್ದೇ 10ಡಬ್ಲ್ಯೂ-40 ಹಾಕಿಸ್ಕೊಂಡು ಬಂದ್ರೆ ಲೋಗೋ ಸರಿ, ಆಯಿಲ್ ತಪ್ಪು.

ಆಮೇಲೆ ಆ ಶಿಫಾರಸು ಅನ್ನೋದು ಬಹುಪಾಲು ಎರಡು ಕಂಪನಿ ಮಧ್ಯದ ವ್ಯಾಪಾರದ ಒಪ್ಪಂದ. ಬಿಎಂಡಬ್ಲ್ಯೂ ನೋಡಿ, ವರ್ಷಗಟ್ಲೆ ಕ್ಯಾಸ್ಟ್ರಾಲ್ ಜೊತೆ ಇತ್ತು, 2015ರಲ್ಲಿ ಶೆಲ್ ಜೊತೆ ಸೇರ್ತು. ಹಳೇ ಗಾಡಿಗಳ ಇಂಜಿನ್ ಒಳಗೆ ಆ ವರ್ಷ ಏನೂ ಬದಲಾಗ್ಲಿಲ್ಲ, ಲಾಂಗ್‌ಲೈಫ್-04 ಅನ್ನೋ ಬಿಎಂಡಬ್ಲ್ಯೂ ಆಯಿಲ್ ನಂಬರೂ ಹಾಗೇ ಇತ್ತು. ಪೋರ್ಷೆ ಮೊಬಿಲ್ 1 ಅನ್ನತ್ತೆ, ಸಿಟ್ರೊಯೆನ್ ಟೋಟಲ್ ಅಂತಿತ್ತು. ಹಾಗಂತ ಆ ಆಯಿಲ್ ಕಳಪೆ ಅಂತ ಯಾರೂ ಹೇಳ್ತಿಲ್ಲ, ಖಂಡಿತ ಚೆನ್ನಾಗೇ ಇರತ್ತೆ, ಆದ್ರೆ ಅದೊಂದೇ ಚೆನ್ನಾಗಿರೋದು ಅನ್ನೋಕಾಗಲ್ಲ. ಆಯಿಲ್ ಒಳಗಿನ ಅಡಿಟಿವ್ ಪ್ಯಾಕೇಜ್ ಮಾಡೋರು ಜಗತ್ತಲ್ಲಿ ಮುಖ್ಯವಾಗಿ ನಾಲ್ಕೇ ಕಂಪನಿ, ಲುಬ್ರಿಜಾಲ್, ಇನ್ಫಿನಿಯಂ, ಆಫ್ಟನ್, ಓರೊನೈಟ್. ಎಷ್ಟೋ ಬ್ರ್ಯಾಂಡ್‌ಗಳು ಇವರ ಹತ್ರಾನೇ ತಗೊಂಡು ಬೇಸ್ ಆಯಿಲ್‌ಗೆ ಬೆರೆಸ್ತಾರೆ. ಕಾರ್ ಕಂಪನಿಯ "ಜೆನ್ಯೂನ್ ಆಯಿಲ್" ಡಬ್ಬೀನೂ ಯಾವುದೋ ಆಯಿಲ್ ಕಂಪನಿ ತುಂಬಿಸಿ ಕೊಟ್ಟಿದ್ದೇ, ಕಾರ್ ಕಂಪನಿ ರಿಫೈನರಿ ನಡೆಸಲ್ಲ.

ಇನ್ನು "ಅಪ್ರೂವ್ಡ್" ಅನ್ನೋದಕ್ಕೂ "ಮೀಟ್ಸ್", "ಸೂಟಬಲ್ ಫಾರ್" ಅನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ. ಎಂಬಿ-ಅಪ್ರೂವಲ್ 229.5 ಅಂತಿದ್ರೆ ಆ ಆಯಿಲ್‌ನ ಟೆಸ್ಟ್ ರಿಪೋರ್ಟ್ ನೋಡಿ ಮರ್ಸಿಡಿಸ್ ಲಿಖಿತವಾಗಿ ಒಪ್ಪಿದೆ ಅಂತ. "ಸೂಟಬಲ್ ಫಾರ್ 229.5" ಅಂದ್ರೆ ಆಯಿಲ್ ಮಾಡಿದವನು ತಾನೇ ಹೇಳ್ಕೋತಿದಾನೆ ಅಷ್ಟೇ, ನಿಜ ಇರಬಹುದು ಆದ್ರೆ ಕಾರ್ ಕಂಪನಿ ಸಹಿ ಇಲ್ಲ. ವಾರಂಟಿ ಇರೋ ಗಾಡಿಗೆ ನಾನು ಸಹಿ ಇರೋದೇ ನೋಡ್ತೀನಿ. ಎಪಿಐಗಾದ್ರೆ ಡಬ್ಬಿ ಮೇಲೆ ದುಂಡಗಿನ ಚಿಹ್ನೆ ಇರ್ಬೇಕು, ಮೇಲ್ಗಡೆ ಎಸ್‌ಪಿ, ನಡುವೆ ದಪ್ಪದ ಗ್ರೇಡು. ಲೈಸೆನ್ಸ್ ಇರೋ ಆಯಿಲ್‌ಗಳ ಪಟ್ಟೀನ ಎಪಿಐ ತನ್ನ ವೆಬ್‌ಸೈಟಲ್ಲೇ ಇಟ್ಟಿದೆ, ಹೆಸರು ಹಾಕಿ ಹುಡುಕಿದ್ರೆ ಸಿಗತ್ತೆ.

ಒಂದು ಕಡೆ ಮಾತ್ರ ಕಂಪನಿ ಬ್ರ್ಯಾಂಡೇ ಹಾಕ್ಸಿ ಅಂತೀನಿ. ಸ್ಪೆಕ್ (ಇಂಜಿನ್‌ಗೆ ಬೇಕಾದ ಆಯಿಲ್ ದರ್ಜೆ-ನಂಬರು) ತುಂಬಾ ಹೊಸದಾಗಿದ್ದು ಬೇರೆ ಯಾರೂ ಇನ್ನೂ ಅಪ್ರೂವಲ್ ತಗೊಂಡಿಲ್ದೆ ಇದ್ದಾಗ. ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡೋ ಇಂಜಿನ್‌ಗಳಿಗಂತೂ, ಫೋರ್ಡ್ 1.0 ಇಕೋಬೂಸ್ಟ್, ಪೂಷೋ 1.2 ಪ್ಯೂರ್‌ಟೆಕ್ ಥರದ್ದಕ್ಕೆ, ನಂಬರ್ ಒಂದಕ್ಷರ ಆಚೀಚೆ ಆಗೋ ಹಾಗಿಲ್ಲ. ಆ ಬೆಲ್ಟ್ ಉದುರಿ ಅದರ ಚೂರು ಹೋಗಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡ್ರೆ ಇಂಜಿನ್ನೇ ಹೋಯ್ತು.

ಡೀಸೆಲ್_ದೂರಪಯಣ:

ಮಧ್ಯೆ ಬರ್ತಿದೀನಿ ಕ್ಷಮಿಸಿ. ನಂದು ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋ ಡೀಸೆಲ್. ಮ್ಯಾನ್ಯುಯಲ್ ಎಸಿಇಎ ಸಿ3 ಅನ್ನತ್ತೆ, ಅಂಗಡಿಯವರು ಎ3/ಬಿ4 ಕೊಟ್ಟು "ಇದೂ 5ಡಬ್ಲ್ಯೂ-30, ಇದೇ ಗಟ್ಟಿ" ಅಂತಾರೆ. ನಡೆಯತ್ತಾ?

ಲೇಬಲ್_ಓದುಗ:

ಬೇಡ್ವೇ ಬೇಡ. ಎರಡಕ್ಕೂ ದಪ್ಪ ಹತ್ತತ್ರ ಒಂದೇ, ವ್ಯತ್ಯಾಸ ಇರೋದು ಬೂದೀಲಿ. ಸಿ3ನಲ್ಲಿ ಸಲ್ಫೇಟೆಡ್ ಆಶ್ (ಆಯಿಲ್ ಸುಟ್ಟಾಗ ಉಳಿಯೋ ಬೂದಿ) 0.8 ಪರ್ಸೆಂಟ್ ದಾಟೋ ಹಾಗಿಲ್ಲ, ಎ3/ಬಿ4ನಲ್ಲಿ 1.6ರ ತನಕ ಬಿಡ್ತಾರೆ. ಡಿಪಿಎಫ್‌ನಲ್ಲಿ ಕೂತ ಮಸಿ ರೀಜೆನರೇಶನ್‌ನಲ್ಲಿ (ಫಿಲ್ಟರ್ ಬಿಸಿಯಾಗಿ ತನ್ನನ್ನ ಶುಚಿ ಮಾಡ್ಕೊಳ್ಳುವಾಗ) ಸುಟ್ಟು ಹೋಗತ್ತೆ, ಆಯಿಲ್‌ನ ಬೂದಿ ಸುಡಲ್ಲ, ಅಲ್ಲೇ ಕೂತ್ಕೊಳತ್ತೆ, ವರ್ಷ ಹೋದ ಹಾಗೆ ಫಿಲ್ಟರ್ ಕಟ್ಟತ್ತೆ. ಫೋಕ್ಸ್‌ವ್ಯಾಗನ್ 507 00, ಎಂಬಿ 229.51 ಇವೆಲ್ಲ ಕಮ್ಮಿ ಬೂದಿಯವೇ. ನಿಮ್ಮ ಗಾಡಿ ಯಾವುದು ಕೇಳತ್ತೋ ಅದೇ ನಂಬರ್ ಹುಡುಕಿ, ಯಾವ ಬ್ರ್ಯಾಂಡಾದ್ರೂ ಸರಿ.

ಟರ್ಬೊ_ಪೆಟ್ರೋಲ್:

ಸರ್ ಇಷ್ಟೆಲ್ಲ ಬಿಡಿಸಿ ಹೇಳಿದ್ದಕ್ಕೆ ಇಬ್ರಿಗೂ ತುಂಬಾ ಥ್ಯಾಂಕ್ಸ್. ವಾರಂಟಿ ವಿಷಯ ಮಾತ್ರ ಇನ್ನೂ ಭಯ ಇದೆ.

ಸ್ಪ್ಯಾನರ್_ಸೆಟ್:

ಸರ್ವಿಸ್ ಸೆಂಟರ್ ಬಾಯಲ್ಲಿ ಹೇಳಿದ್ದನ್ನ ಬಿಟ್ಟು ವಾರಂಟಿ ಪುಸ್ತಕ ತೆಗ್ದು ಓದಿ. ಬ್ರ್ಯಾಂಡ್ ಹೆಸರಿನ ಮುಂದೆ "ಶಿಫಾರಸು" ಅಂತಿದ್ಯಾ ಇಲ್ಲ "ಕಡ್ಡಾಯ" ಅಂತಿದ್ಯಾ ನೋಡಿ, ನಾನು ನೋಡಿರೋ ಪುಸ್ತಕಗಳಲ್ಲಿ ಸ್ಪೆಕ್ ಕಡ್ಡಾಯ, ಬ್ರ್ಯಾಂಡ್ ಶಿಫಾರಸು. ಅಮೆರಿಕದಲ್ಲಂತೂ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಪ್ರಕಾರ ಕಂಪನಿ ಆ ಆಯಿಲ್ ಫ್ರೀ ಆಗಿ ಕೊಡ್ದೆ, ಸರ್ಕಾರದಿಂದ ವಿಶೇಷ ಅನುಮತೀನೂ ತಗೊಳ್ದೆ, ಇದೇ ಬ್ರ್ಯಾಂಡ್ ಹಾಕಿದ್ರೇ ವಾರಂಟಿ ಅನ್ನೋ ಹಾಗಿಲ್ಲ. ಒಂದೊಂದು ದೇಶದ ಕಾನೂನು ಒಂದೊಂದು ಥರ, ಅದಕ್ಕೇ ನಿಮ್ಮ ಪುಸ್ತಕದ ಮಾತೇ ಕೊನೆ. ಅನುಮಾನ ಇದ್ರೆ ಸರ್ವಿಸ್ ಸೆಂಟರ್‌ಗೆ "ಇದನ್ನ ಬರವಣಿಗೇಲಿ ಕೊಡಿ" ಅಂತ ಕೇಳಿ.

ಬಿಲ್ ಮಾತ್ರ ಜೋಪಾನ ಮಾಡಿ. ಅದರಲ್ಲಿ ಆಯಿಲ್‌ನ ಪೂರ್ತಿ ಹೆಸರು, ಗ್ರೇಡ್, ಲೀಟರ್, ದಿನಾಂಕ, ಕಿಲೋಮೀಟರ್ ಇರ್ಲಿ. "ಇಂಜಿನ್ ಆಯಿಲ್ - 1" ಅಂತ ಬರ್ದಿರೋ ಬಿಲ್ ಯಾವ ಉಪಯೋಗಕ್ಕೂ ಬರಲ್ಲ. ಡಬ್ಬಿಯ ಹಿಂದಿನ ಲೇಬಲ್‌ದೂ ಬ್ಯಾಚ್ ನಂಬರ್‌ದೂ ಫೋಟೋ ಹೊಡ್ಕೊಳಿ, ನಿಮ್ಮ ಎದುರಿಗೇ ಸೀಲ್ ಒಡೆದು ಹಾಕೋಕೆ ಹೇಳಿ.

ಟರ್ಬೊ_ಪೆಟ್ರೋಲ್:

ಅಪ್‌ಡೇಟ್: ಒರಿಜಿನಲ್ ಫಿಲ್ಟರ್ ಹಾಕ್ಸಿ ಆಯಿಲ್ ಪೂರ್ತಿ ಇಳಿಸಿ 0ಡಬ್ಲ್ಯೂ-20 ಹಾಕ್ಸಿದೆ. ಎಸ್‌ಪಿ, ಜಿಎಫ್-6ಎ ಎರಡೂ ಇದೆ, ಎಪಿಐ ಪಟ್ಟೀಲೂ ಹೆಸರಿದೆ, ಬ್ರ್ಯಾಂಡ್ ಮಾತ್ರ ಕ್ಯಾಪ್ ಮೇಲಿರೋದಲ್ಲ. ಬೆಳಗಿನ ಕಟಕಟ ಪೂರ್ತಿ ನಿಂತಿದೆ. ಹಳೇ ಫಿಲ್ಟರ್ ಬಿಚ್ಚಿದಾಗ ಮೆಕ್ಯಾನಿಕ್ ತೋರಿಸಿದ್ರು, ಒಳಗಿನ ರಬ್ಬರ್ ಒಂದು ಕಡೆ ಮಡಚಿಕೊಂಡು ಹಾಗೇ ನಿಂತಿತ್ತು, ಬೆರಳಲ್ಲಿ ಒತ್ತಿದ್ರೂ ವಾಪಸ್ ಬರ್ತಿರ್ಲಿಲ್ಲ. ಮೈಲೇಜ್ ಇನ್ನೂ ಸ್ವಲ್ಪ ಓಡಿಸಿ ನೋಡ್ಬೇಕು. ಕೊನೇದಾಗಿ ಒಂದು ಪ್ರಶ್ನೆ: ಮಧ್ಯದಲ್ಲಿ ಲೆವೆಲ್ ಇಳಿದು ಇದೇ ಆಯಿಲ್ ಸಿಗ್ದೆ ಹೋದ್ರೆ ಬೇರೆ ಬ್ರ್ಯಾಂಡ್ ಟಾಪ್‌ಅಪ್ ಮಾಡಬಹುದಾ?

ಸ್ಪ್ಯಾನರ್_ಸೆಟ್:

ಮಾಡಬಹುದು. ಎಪಿಐ ಲೈಸೆನ್ಸ್ ಇರೋ ಆಯಿಲ್‌ಗಳು ಒಂದಕ್ಕೊಂದು ಬೆರೆಯತ್ತೆ ಅಂತ ಟೆಸ್ಟ್ ಆಗಿರತ್ತೆ, ಒಡೆದು ಗಟ್ಟಿ ಆಗೋದೆಲ್ಲ ಇಲ್ಲ. ಗ್ರೇಡ್ ಅದೇ, ಎಸ್‌ಪಿ ಅದೇ ಇದ್ರೆ ಕಣ್ಮುಚ್ಚಿ ಹಾಕಿ. ದಾರೀಲಿ ಅದೂ ಸಿಗ್ದೆ ಆಯಿಲ್ ಕೆಳಗಿನ ಗುರುತಿಗೆ ಬಂದಿದ್ರೆ ಸಿಕ್ಕಿದ 5ಡಬ್ಲ್ಯೂ-30 ಅರ್ಧ ಲೀಟರ್ ಹಾಕಿ ಮನೆಗೆ ಬನ್ನಿ, ಖಾಲಿ ಓಡಿಸೋದಕ್ಕಿಂತ ಸಾವಿರ ಪಾಲು ವಾಸಿ. ಸ್ವಲ್ಪ ಸ್ವಲ್ಪಾನೇ ಹಾಕಿ ಡಿಪ್‌ಸ್ಟಿಕ್ ನೋಡ್ತಾ ಹೋಗಿ, ಎಷ್ಟೋ ಗಾಡೀಲಿ ಎರಡು ಗುರುತಿನ ಮಧ್ಯ ಹಿಡಿಯೋದು ಹೆಚ್ಚುಕಮ್ಮಿ ಒಂದು ಲೀಟರ್ ಅಷ್ಟೇ. ಮೈಲೇಜ್ ಏನಾಯ್ತು ಅಂತ ಹಾಕಿ.