ಚಿಕ್ಕ ಪಿಕಪ್‌ಗೆ ರೆಗ್ಯುಲರ್ ಕ್ಯಾಬ್ ಸಾಕಾ, ಎಕ್ಸ್‌ಟೆಂಡೆಡ್ ಬೇಕಾ?

ಮರಗೆಲಸದವ: ಹಳೆಯ ಫೋರ್ಡ್ ರೇಂಜರ್ ಹುಡುಕುತ್ತಿದ್ದೇನೆ. ಒಂದೇ ಸಾಲು ಸೀಟಿನ ರೆಗ್ಯುಲರ್ ಕ್ಯಾಬ್‌ಗೆ 7 ಅಡಿ ಬೆಡ್ (ಸಾಮಾನು ಹೊರುವ ಹಿಂದಿನ ತೊಟ್ಟಿ) ಸಿಗುತ್ತದೆ, ಸೂಪರ್‌ಕ್ಯಾಬ್‌ಗೆ, ಅಂದರೆ ಸೀಟಿನ ಹಿಂದೆ ಇನ್ನಷ್ಟು ಜಾಗವಿರುವ ಫೋರ್ಡ್‌ನ ಎಕ್ಸ್‌ಟೆಂಡೆಡ್ ಕ್ಯಾಬ್‌ಗೆ, 6 ಅಡಿಯೇ. ನಾನು ಹೊರುವುದು 8 ಅಡಿ ಪ್ಲೈವುಡ್. ಆರು ವರ್ಷದ ಮಗಳೂ ಆಗಾಗ ಜೊತೆಗಿರುತ್ತಾಳೆ. ಯಾವುದು ತೆಗೆದುಕೊಳ್ಳಲಿ?

ಉದ್ದಕಾಲು: ಸೀಟಿನ ಹಿಂದಿನ ಜಾಗ ನೋಡಿ. ನಾನು ಉದ್ದ ಆಳು. ರೆಗ್ಯುಲರ್ ಕ್ಯಾಬ್‌ನಲ್ಲಿ ಸೀಟು ಪೂರ್ತಿ ಹಿಂದಕ್ಕೆ ತಳ್ಳಿದರೆ ಬೆನ್ನಿಗೇ ಗೋಡೆ, ಒರಗುವ ಮಾತೇ ಇಲ್ಲ. ಡ್ರಿಲ್, ಗರಗಸ ಎಲ್ಲಾ ಹೊರಗೆ ಬೆಡ್‌ನಲ್ಲಿ. ಮಳೆ ಬಂದರೆ ನೆನೆಯುತ್ತವೆ, ನಿಲ್ಲಿಸಿ ಹೋದರೆ ಕಳ್ಳರ ಭಯ. ಈಗ ಎಕ್ಸ್‌ಟೆಂಡೆಡ್ ಇದೆ. ಹಿಂದಿನ ಸೀಟು ಮಡಚಿ ಸಾಮಾನು ಒಳಗಿಟ್ಟು ಬೀಗ ಹಾಕಿದರೆ ಆಯ್ತು. ಬೆಡ್ ಒಂದಡಿ ಕಮ್ಮಿ ಅಂತ ಕೊರಗಬೇಡಿ. ಎರಡರಲ್ಲೂ ಹಲಗೆ ಹೊರಗೆ ಚಾಚುವುದೇ, ಅಲ್ವಾ? ಬೆಡ್‌ನ ಹಿಂಬಾಗಿಲು ಇಳಿಸಿ, ಬಿಗಿಯಾಗಿ ಕಟ್ಟಿ, ತುದಿಗೆ ಕೆಂಪು ಬಟ್ಟೆ ಹಾಕಿ.

ಇಬ್ಬರ ಅಮ್ಮ: ಮಗಳನ್ನು ಹಿಂದೆ ಕೂರಿಸುವ ಯೋಚನೆ ಇದ್ದರೆ ಬಿಡಿ. ಹಳೆಯ ಸೂಪರ್‌ಕ್ಯಾಬ್‌ನ ಆ ಪುಟ್ಟ ಸೀಟುಗಳು ಪಕ್ಕಕ್ಕೆ ಮುಖ ಮಾಡಿರುತ್ತವೆ. ಮಕ್ಕಳ ಸೀಟಾಗಲಿ ಬೂಸ್ಟರ್ (ಮಗುವನ್ನು ಎತ್ತರಿಸಿ ಕೂರಿಸುವ ಸೀಟು) ಆಗಲಿ ಅಲ್ಲಿ ಹಾಕುವಂತಿಲ್ಲ. ಮಗು ದಿನಾ ಬರುವುದಾದರೆ ನಾಲ್ಕು ಬಾಗಿಲಿನ ಗಾಡಿಯನ್ನೇ ನೋಡಿ.

ಗಲ್ಲಿ ಡ್ರೈವರ್: ಎಕ್ಸ್‌ಟೆಂಡೆಡ್ ಉದ್ದ ಜಾಸ್ತಿ, ಯೂ-ಟರ್ನ್‌ಗೆ ಜಾಗವೂ ಜಾಸ್ತಿ ಬೇಕು. ಹಿಂದಿನ ಪುಟ್ಟ ಬಾಗಿಲು ಇದ್ದರೂ ಮುಂದಿನದು ತೆಗೆಯದೆ ತೆರೆಯುವುದಿಲ್ಲ. ಇಕ್ಕಟ್ಟಿನಲ್ಲಿ ನಿಲ್ಲಿಸಿದಾಗ ಒಂದು ಚೀಲ ಎಳೆಯಲೂ ಸರ್ಕಸ್ಸು.

ಮರಗೆಲಸದವ: ಮಗಳು ಬರುವುದು ಅಪರೂಪಕ್ಕೆ. ಆ ದಿನ ಹೆಂಡತಿಯ ಕಾರು ತೆಗೆದುಕೊಳ್ಳುತ್ತೇನೆ. ಸಾಮಾನು ಒಳಗಿರಬೇಕು, ಹಾಗಾಗಿ ಸೂಪರ್‌ಕ್ಯಾಬ್.