ಓದುಗರ ಸ್ಪಂದನ: ಹಾಸ್ಟೆಲ್ಲಿಗೆ ಹಾಕಲೋ, ಮನೆಯಲ್ಲೇ ಇಟ್ಟುಕೊಳ್ಳಲೋ?

(ಸಿಂಧನೂರು ತಾಲ್ಲೂಕಿನ ತಾಯಿಯೊಬ್ಬರು ಕಳೆದ ವಾರ ಬರೆದಿದ್ದರು: ಏಳನೇ ತರಗತಿಯ ಮಗಳ ಮೇಲೆ ಊರಿನವನೇ ಒಬ್ಬ ದೌರ್ಜನ್ಯ ಎಸಗಿದ್ದಾನೆ. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಕೇಸು ನಡೆದಿದೆ. ಹುಡುಗಿ ರಾತ್ರಿ ಚೀರಿ ಏಳುತ್ತಾಳೆ, ಹಾಸಿಗೆ ಒದ್ದೆಯಾಗುತ್ತದೆ, ಹಳೇ ಶಾಲೆಗೆ ಹೋಗಲು ಒಲ್ಲೆ ಅನ್ನುತ್ತಾಳೆ. ವಸತಿ ಶಾಲೆಗೆ ಹಾಕಿದರೆ ಸುಧಾರಿಸುತ್ತಾಳೆಯೇ?)

ಅಕ್ಕಾ, ಊರು ಬಿಡಿಸಿದರೆ ಮರೆಯುತ್ತಾಳೆ ಎಂಬ ಲೆಕ್ಕದಲ್ಲಿ ಮಾತ್ರ ಕಳಿಸಬೇಡಿ. ಏನೂ ಹೇಳದೆ ಬಿಟ್ಟುಬಂದರೆ, ತಪ್ಪು ತನ್ನದೇ, ಅದಕ್ಕೇ ಮನೆಯಿಂದ ಹೊರಗೆ ಹಾಕಿದರು ಎಂದು ಅವಳು ತಿಳಿಯುತ್ತಾಳೆ. ಶಾಲೆಯನ್ನು ಅವಳೇ ಮೊದಲು ನೋಡಲಿ. ಮಂಚ ಅವಳೇ ಆರಿಸಲಿ: ಬೆನ್ನಿಗೆ ಗೋಡೆ ಇರಬೇಕು, ಮಲಗಿದಲ್ಲಿಂದ ಬಾಗಿಲು ಕಾಣಬೇಕು.

ಹಗಲು ನೋಡಿದರೆ ಎಲ್ಲ ಹಾಸ್ಟೆಲೂ ಚಂದ. ನೀವು ಕತ್ತಲಾದ ಮೇಲೆ ಹೋಗಿ. ಹುಡುಗಿಯರ ಜೊತೆ ಅದೇ ಕಟ್ಟಡದಲ್ಲಿ ಮಲಗುವ ಹೆಂಗಸು ಯಾರು, ಅವರು ರಜೆ ಹಾಕಿದರೆ ಬದಲಿಗೆ ಯಾರು ಎಂದು ಕೇಳಿ. ಬಚ್ಚಲಿನ ಚಿಲಕ ಒಳಗಿನಿಂದ ಬೀಳುತ್ತದೆಯೇ ಎಂದು ಕೈಯಾರೆ ಹಾಕಿ ನೋಡಿ. ಕರೆಂಟು ಹೋದಾಗ ಶೌಚಾಲಯದ ದಾರಿಗೆ ಬೆಳಕಿದೆಯೇ? ವಾಚ್‌ಮನ್, ಅಡುಗೆಯವರು ಗಂಡಸರಾದರೆ ಅವರ ಓಡಾಟ ಯಾವ ಬಾಗಿಲಿಗೆ ನಿಲ್ಲುತ್ತದೆ? ಇದಕ್ಕೆಲ್ಲ ತಡವರಿಸುವ ಕಡೆ ಮಗಳನ್ನು ಬಿಡಬೇಡಿ.

ನಿದ್ದೆಯಲ್ಲಿ ಚೀರಿದಾಗ ಮೈ ಮುಟ್ಟಿ ಅಲುಗಾಡಿಸಿ ಎಬ್ಬಿಸಬಾರದು. ಅರೆನಿದ್ದೆಯಲ್ಲಿ ಯಾರ ಕೈ ಬಿದ್ದರೂ ಅವಳಿಗೆ ಅದು ಆ ದಿನದ ಕೈಯೇ. ದೀಪ ಹಾಕಿ, ಕಾಲ ಕಡೆ ಎರಡು ಮೊಳ ದೂರ ನಿಂತು, ಹೆಸರು ಹಿಡಿದು ಮೆಲ್ಲಗೆ ಹೇಳಬೇಕು: “ನಾನು ವಾರ್ಡನಕ್ಕ ಇದ್ದೀನಿ, ನೀನು ಹಾಸ್ಟೆಲ್ಲಿನಾಗ ಇದ್ದಿ, ಇವತ್ತು ಮಂಗಳವಾರ, ಬಾಗಲಾ ಹಾಕೈತಿ.” ಕಣ್ಣು ಬಿಟ್ಟ ಮೇಲೆ ಕೈಗೆ ತಣ್ಣೀರಿನ ಲೋಟ ಕೊಡಿ, ಸುತ್ತ ಕಾಣುವ ಐದು ಸಾಮಾನಿನ ಹೆಸರು ಹೇಳಿಸಿ. ಕನಸಿನಲ್ಲಿ ಏನು ಕಂಡೆ ಎಂದು ಆ ಹೊತ್ತಿನಲ್ಲಿ ಕೆದಕಬೇಡಿ. ಇದನ್ನು ಈಗ ಮನೆಯಲ್ಲೇ ರೂಢಿ ಮಾಡಿ, ಆಮೇಲೆ ಹಾಸ್ಟೆಲ್ಲಿನವರಿಗೆ ನೀವೇ ತೋರಿಸಿಕೊಡಿ.

ಹಾಸಿಗೆ ಒದ್ದೆಯಾಗುವುದಕ್ಕೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿದ್ದರೆ ಔಷಧಕ್ಕೆ ನಿಲ್ಲುತ್ತದೆ. ರಬ್ಬರ್ ಶೀಟು ಒಂದು, ಹಾಸು-ಹೊದಿಕೆ ಎರಡೆರಡು ಜೊತೆ ಕೊಟ್ಟಿರಿ. ನಮ್ಮ ಕಡೆಯ ಬಿಸಿಲಿಗೆ ನೀರು ಕಡಿಮೆ ಮಾಡಿಸಬೇಡಿ. ಹಗಲು ಚೆನ್ನಾಗಿ ಕುಡಿದು ರಾತ್ರಿ ಊಟದ ಮೇಲೆ ತುಸು ಕಡಿಮೆ ಮಾಡಿದರೆ ಸಾಕು. ಒದ್ದೆ ಹಾಸನ್ನು ಎಲ್ಲರೆದುರು ಹೊರಿಸಿ ಒಗೆಸುವ ಹಾಸ್ಟೆಲ್ಲಿನಲ್ಲಿ ಹುಡುಗಿ ವಾರವೂ ನಿಲ್ಲುವುದಿಲ್ಲ.
– ವಸತಿ ಶಾಲೆಯ ವಾರ್ಡನ್, ಕೊಪ್ಪಳ

ವಾರ್ಡನ್ ಅವರ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ: ಹಾಸ್ಟೆಲ್ಲೇ ಚಿಕಿತ್ಸೆಯಲ್ಲ. ಅಮೆರಿಕದಲ್ಲಿ ಶಾಲೆ, ವಸತಿ, ಮನೋಚಿಕಿತ್ಸೆ ಮೂರೂ ಒಂದೇ ಕಾಂಪೌಂಡಿನೊಳಗೆ ಇರುವ ಶಾಲೆಗಳಿವೆ. ಅಲ್ಲಿಯೂ ಮಕ್ಕಳನ್ನು ಮನೆಯವರಿಂದ ಕಡಿದು ಕಟ್ಟುನಿಟ್ಟಿನಲ್ಲಿ ಇಡುವ ಕಡೆಗಳಲ್ಲಿ ಹಿಂಸೆ ನಡೆದು, 2024ರ ಡಿಸೆಂಬರಿನಲ್ಲಿ ಅದಕ್ಕೆಂದೇ ಕಾಯ್ದೆ ಬಂತು. ಫೋನು ಕೊಡುವುದಿಲ್ಲ, ಮೂರು ತಿಂಗಳು ಬರಬೇಡಿ ಅನ್ನುವವರ ಹತ್ತಿರ ಹೋಗಲೇಬೇಡಿ.

ಇಂಥ ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ ಹಿಡಿಯುತ್ತದೆ. ಅದರಲ್ಲಿ ತಾಯಿಯದೂ ಪಾಲಿದೆ. ಆದ್ದರಿಂದ ಹಾಸ್ಟೆಲ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ನೀವು ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರವೇ ಎಂಬುದೇ ಮುಖ್ಯ. ಗುಳೆ ಹೋಗುವ ಮನೆಯಾದರೆ ಯಾವ ದಿನ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ ಎಂದು ಗೊತ್ತುಮಾಡಿ, ಅದನ್ನು ತಪ್ಪಿಸಬೇಡಿ. ಚಿಕಿತ್ಸೆ ಮನೆಯಲ್ಲಿರುವಾಗಲೇ ಶುರುವಾಗಲಿ. ನಾಲ್ಕೈದು ಭೇಟಿ ಮುಗಿದು ನಿದ್ದೆ ತುಸು ಹಿಡಿತಕ್ಕೆ ಬಂದ ಮೇಲೆ ಹಾಸ್ಟೆಲ್ ವಿಚಾರ ಮಾಡಿ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಮಾತು, ಕೈ ಕೊಯ್ದುಕೊಳ್ಳುವುದು, ಊಟ ಪೂರಾ ಬಿಡುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ನಾಳೆಗೆ ಇಡಬೇಡಿ.
– ಆಪ್ತಸಮಾಲೋಚಕಿ, ರಾಯಚೂರು

ತಾಯೀ, ನಿಮ್ಮ ಮನೆ ಸುರಕ್ಷಿತವಾಗಿದ್ದರೆ ಮಗಳನ್ನು ಬಾಲಮಂದಿರಕ್ಕೆ (ಮಕ್ಕಳ ರಕ್ಷಣೆಯ ಸರ್ಕಾರಿ ವಸತಿಗೃಹಕ್ಕೆ) ಒಪ್ಪಿಸುವ ಅಗತ್ಯವಿಲ್ಲ. ಮನೆಯೊಳಗೇ ಅಪಾಯ ಇದ್ದಾಗ ಹಿಡಿಯುವ ದಾರಿ ಅದು. ಆದರೂ ಮಕ್ಕಳ ಕಲ್ಯಾಣ ಸಮಿತಿಗೆ ಒಂದು ಅರ್ಜಿ ಕೊಡಿ: ಪೋಕ್ಸೋ ನಿಯಮದಂತೆ ಕೇಸು ಮುಗಿಯುವವರೆಗೆ ಜೊತೆಗಿರುವ ಬೆಂಬಲ ವ್ಯಕ್ತಿಯನ್ನು ನೇಮಿಸುವುದು ಅವರೇ. ಮಧ್ಯಂತರ ಪರಿಹಾರದ ಹಣಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ, ವಿಶೇಷ ನ್ಯಾಯಾಲಯದಲ್ಲಿ ಈಗಲೇ ಕೇಳಬಹುದು.

ಬಹಳ ಮಂದಿ ಎಡವುವುದು ವಿಳಾಸದಲ್ಲಿ. ಹುಡುಗಿ ಎಲ್ಲಿದ್ದಾಳೆಂದು ಸರ್ಕಾರಿ ಅಭಿಯೋಜಕರಿಗೆ (ಕೇಸು ನಡೆಸುವ ಸರ್ಕಾರಿ ವಕೀಲರಿಗೆ) ಬರವಣಿಗೆಯಲ್ಲಿ ತಿಳಿಸದಿದ್ದರೆ ಸಮನ್ಸು ಹಿಡಿದ ಪೊಲೀಸರು ಹಾಸ್ಟೆಲ್ ಗೇಟಿಗೆ ಬಂದು ಹೆಸರು ಕೇಳುತ್ತಾರೆ, ಸಂಜೆಯೊಳಗೆ ಗುಟ್ಟು ಎಲ್ಲರ ಬಾಯಲ್ಲಿರುತ್ತದೆ. ಸಮನ್ಸು ನಿಮ್ಮ ಕೈಗೆ ಅಥವಾ ಬೆಂಬಲ ವ್ಯಕ್ತಿಯ ಕೈಗೆ ಬರುವಂತೆ ಕೇಳಿಕೊಳ್ಳಿ. ಶಾಲೆಯಲ್ಲಿ ಮುಖ್ಯ ಶಿಕ್ಷಕಿ, ವಾರ್ಡನ್ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ವಿಷಯ ಬೇಡ. ಕೇಸಿನ ಕಾಗದ ಹಾಸ್ಟೆಲ್ ಫೈಲಿಗೆ ಸೇರಬಾರದು. ಸಾಕ್ಷಿ ಹೇಳಿದ ದಿನ ಕೋರ್ಟಿನಿಂದ ನೇರ ಹಾಸ್ಟೆಲ್ಲಿಗೆ ಬಿಡಬೇಡಿ, ಅವತ್ತು ರಾತ್ರಿ ನಿಮ್ಮ ಪಕ್ಕದಲ್ಲೇ ಮಲಗಲಿ.
– ವಕೀಲೆ, ಬಳ್ಳಾರಿ

ಸೀಟಿನ ಬಗ್ಗೆ ಎರಡು ಮಾತು. ಆರನೇ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಎಂಬ ಸರ್ಕಾರಿ ವಸತಿ ಶಾಲೆಗಳಿವೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಹಳೇ ಶಾಲೆಯ ಟಿಸಿ (ವರ್ಗಾವಣೆ ಪತ್ರ) ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲೇ ಅದು ಇದೆ.

ಕ್ಲಾಸಿನಲ್ಲಿ ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂಬ ದೂರು ಬಂದೇ ಬರುತ್ತದೆ. ಬುದ್ಧಿ ಕಮ್ಮಿಯಾಗಿ ಅಲ್ಲ; ರಾತ್ರಿ ನಿದ್ದೆ ಕೆಟ್ಟು, ಹಗಲೆಲ್ಲ ಕಿವಿ ಬಾಗಿಲ ಸಪ್ಪಳದ ಮೇಲೇ ಇರುತ್ತದೆ. ಒಂದು ತಾಸು ಒಂದೇ ಸಮನೆ ಕೂರಿಸುವ ಬದಲು ಹದಿನೈದು ನಿಮಿಷ ಓದು, ಐದು ನಿಮಿಷ ಎದ್ದು ಓಡಾಟ. ಹಿಂದಿನಿಂದ ಬಂದು ಬಗ್ಗಿ ನೋಟ್‌ಬುಕ್ ನೋಡುವ ಅಭ್ಯಾಸ ಮೇಷ್ಟ್ರುಗಳಿಗೆ ಇರುತ್ತದೆ, ಅದೊಂದನ್ನು ಬಿಡಲು ಮುಖ್ಯ ಶಿಕ್ಷಕಿಯಿಂದ ಹೇಳಿಸಿ, ಕಾರಣ ಹೇಳಬೇಕಿಲ್ಲ.

ರಜೆಯ ಮಾತು ಯಾರೂ ಎತ್ತಿಲ್ಲ. ದಸರೆಗೆ, ಬೇಸಿಗೆಗೆ ಹಾಸ್ಟೆಲ್ ಖಾಲಿಯಾಗುತ್ತದೆ. ಆರೋಪಿ ಜಾಮೀನಿನ ಮೇಲೆ ಊರಲ್ಲೇ ತಿರುಗುತ್ತಿದ್ದರೆ ಹುಡುಗಿ ಬರುವುದು ಎಲ್ಲಿಗೆ? ಸೋದರಮಾವನ ಮನೆಯೋ, ಅಜ್ಜಿಯ ಊರೋ, ಸೀಟು ಕೇಳುವ ಮೊದಲೇ ಗೊತ್ತುಮಾಡಿ ಅವಳಿಗೂ ಹೇಳಿಡಿ. ಅವನು ಊರಿಗೆ ಕಾಲಿಡಬಾರದೆಂಬ ಷರತ್ತು ಹಾಕಿಸಲು ಅಭಿಯೋಜಕರಿಗೆ ರಜೆಗೆ ತಿಂಗಳ ಮುಂಚೆಯೇ ಅರ್ಜಿ ಕೊಡಿ.
– ಪ್ರೌಢಶಾಲಾ ಶಿಕ್ಷಕಿ, ಲಿಂಗಸುಗೂರು